ಮುಚ್ಚಳದ ಮೇಲೆ ಬರೆದದ್ದು

ಆ ಮಧ್ಯಾಹ್ನದ ಬಗ್ಗೆ ನನಗೆ ಮೂರು ನೆನಪುಗಳಿವೆ. ಮೂರೂ ಸ್ಪಷ್ಟವಾಗಿವೆ, ಒಂದಕ್ಕೊಂದು ಹೊಂದುವುದಿಲ್ಲ. ಮೊದಲನೆಯದರಲ್ಲಿ ಎಡಗಡೆಯ ಮುಚ್ಚಳವನ್ನು ಎಡಗಡೆಯ ತಟ್ಟೆಗೇ ಹಾಕುತ್ತೇನೆ. ಎರಡನೆಯದರಲ್ಲಿ ಮುಚ್ಚಳಗಳು ಅದಲುಬದಲಾಗುತ್ತವೆ. ಮೂರನೆಯದರಲ್ಲಿ ಮುಚ್ಚಳಗಳೇ ಇಲ್ಲ. ಇರುವುದು ಕಿಟಕಿಯ ಆಚೆಗೆ ಚಿಗುರುತ್ತಿರುವ ಬೇವಿನ ಮರ, ಅದರ ಮೇಲಿನ ಬಿಸಿಲು. ಮೂರನೆಯದೇ ನಿಜವಿರಬೇಕು. ಆ ಹೊತ್ತಿನಲ್ಲಿ ನಾನು ನನ್ನ ಕೈಗಳನ್ನು ನೋಡುತ್ತಿರಲಿಲ್ಲ.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಧಾರವಾಡದಿಂದ ಬನಾರಸಿಗೆ ಬಂದು ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮಾಡುತ್ತಿದ್ದೆ. ಸೋನಾರ್‌ಪುರದ ರಸ್ತೆಯಿಂದ ಘಾಟಿನ ಕಡೆಗೆ ಇಳಿಯುವ ಒಂದು ಗಲ್ಲಿಯಲ್ಲಿ, ಕನ್ನಡದ ಮುದುಕಿಯೊಬ್ಬರ ಮನೆಯ ಮಹಡಿಯ ಮೇಲೆ ನನ್ನ ಕೋಣೆ. ಹೆಣ ಸುಡುವ ಹರಿಶ್ಚಂದ್ರ ಘಾಟ್ ಕಡೆಯಿಂದ ಗಾಳಿ ಬೀಸಿದರೆ ಒಣಹಾಕಿದ ಬಟ್ಟೆ ಒಳಗೆ ತರಬೇಕು. ಬೆಳಿಗ್ಗೆ ರಿಕ್ಷಾ ಹತ್ತಿ ಲ್ಯಾಬಿಗೆ ಹೋದರೆ ಸಂಜೆ ವಾಪಸು.

ನನ್ನ ಕೆಲಸ ಇಲಿಯ ಭ್ರೂಣದ ಮೊದಲ ನಾಲ್ಕು ದಿನಗಳದು. ಮೊದಲು ಒಂದು ಕೋಶ, ಆಮೇಲೆ ಎರಡು, ನಾಲ್ಕು, ಎಂಟು. ಎಂಟರವರೆಗೂ ಎಲ್ಲವೂ ನೋಡಲು ಒಂದೇ ತರಹ. ಒಂದನ್ನು ತೆಗೆದರೂ ಉಳಿದವು ಏನೂ ಆಗದಂತೆ ಮುಂದುವರಿಯುತ್ತವೆ. ಎಂಟಾದ ಮೇಲೆ ಯಾವುದೋ ಗಳಿಗೆಯಲ್ಲಿ ಅವು ಒಂದನ್ನೊಂದು ಒತ್ತಿಕೊಳ್ಳುತ್ತವೆ. ದ್ರಾಕ್ಷಿ ಗೊಂಚಲಿನಂತಿದ್ದದ್ದು ನುಣ್ಣಗಾಗಿ, ನಡುವಿನ ಗೆರೆಗಳು ಮಾಯವಾಗುತ್ತವೆ. ಮತ್ತೊಂದು ಸಲ ಒಡೆದು ಹದಿನಾರಾಗುವಾಗ ಕೆಲವು ಒಳಗೆ ಸಿಕ್ಕಿಕೊಳ್ಳುತ್ತವೆ, ಉಳಿದವು ಹೊರಗೆ. ಒಳಗಿನವುಗಳಿಂದ ಮರಿ. ಹೊರಗಿನವುಗಳಿಂದ ಮಾಸು, ಅಂದರೆ ಮರಿಯನ್ನು ತಾಯಿಗೆ ಅಂಟಿಸಿ, ಹೊಟ್ಟೆಯಲ್ಲಿ ಸಾಕಿ, ಹುಟ್ಟಿದ ದಿನ ಕಳಚಿಕೊಂಡು ಬೀಳುವ ಭಾಗ.

ಒಂದು ಕೋಶ ಮರಿಯಾಗಬೇಕೋ ಮಾಸಾಗಬೇಕೋ ಎಂಬುದು ಅದು ಇರುವ ಜಾಗದಿಂದ ತೀರ್ಮಾನವಾಗುತ್ತದೆಯೋ, ಒಡೆಯುವಾಗ ಅದರ ಪಾಲಿಗೆ ಬಂದ ಅಂಶದಿಂದಲೋ? ಎರಡೂ ಕಡೆ ವಾದ ಮಾಡುವವರಿದ್ದರು. ನನ್ನ ಪ್ರಯೋಗ ಹೊಸದೇನಲ್ಲ. ಬೇರೆ ದೇಶಗಳಲ್ಲಿ ಮೊದಲೇ ಮಾಡಿದ್ದನ್ನು ನಮ್ಮ ಇಲಿಗಳ ಮೇಲೆ, ಸ್ವಲ್ಪ ಬದಲಾವಣೆಯೊಂದಿಗೆ ಮಾಡುವುದು. ಒಂದು ಭ್ರೂಣದ ಕೋಶಗಳನ್ನು ಹೊಳೆಯುವ ಬಣ್ಣದಲ್ಲಿ ಅದ್ದಿ ಗುರುತು ಮಾಡುವುದು. ಆ ಗುರುತಿನ ಕೋಶಗಳನ್ನು ನಡುವೆ ಇಟ್ಟು, ಸುತ್ತಲೂ ಗುರುತಿಲ್ಲದ ಕೋಶಗಳನ್ನು ಅಂಟಿಸಿ ಮಾಡಿದ ಭ್ರೂಣಗಳು ಒಂದು ತಟ್ಟೆಯಲ್ಲಿ. ಗುರುತಿನವನ್ನೇ ಹೊರಗೆ ಅಂಟಿಸಿ ಮಾಡಿದವು ಇನ್ನೊಂದು ತಟ್ಟೆಯಲ್ಲಿ. ಎರಡು ದಿನ ಇನ್‌ಕ್ಯುಬೇಟರಿನಲ್ಲಿ ಇಟ್ಟು, ಹೊಳಪು ಎಲ್ಲಿ ಸೇರಿದೆ ಎಂದು ನೋಡುವುದು. ಒಳಗಿಟ್ಟದ್ದು ಒಳಗೇ ಉಳಿದು ಮರಿಯ ಭಾಗವಾಯಿತೇ? ಹೊರಗಿಟ್ಟದ್ದು ಹೊರಗೇ?

ಹೇಳಲು ಸುಲಭ. ಬೆಂಕಿಯಲ್ಲಿ ಎಳೆದು ಕೂದಲಿನಷ್ಟು ಸಣ್ಣಗೆ ಮಾಡಿದ ಗಾಜಿನ ಕೊಳವೆ, ಅದಕ್ಕೊಂದು ರಬ್ಬರ್ ನಳಿಕೆ, ನಳಿಕೆಯ ಇನ್ನೊಂದು ತುದಿ ನನ್ನ ಹಲ್ಲುಗಳ ನಡುವೆ. ಉಸಿರು ಎಳೆದರೆ ಭ್ರೂಣ ಒಳಗೆ, ಬಿಟ್ಟರೆ ಹೊರಗೆ. ಸೀನು ಬಂದರೆ ಮೂರು ದಿನದ ಕೆಲಸ ಹೋಯಿತು. ಆ ಚಳಿಗಾಲದ ಉದ್ದಕ್ಕೂ ಹೋಗುತ್ತಲೇ ಇತ್ತು. ಕೋಶಗಳು ಅಂಟಿಕೊಳ್ಳದೆ ಬಿಡಿಸಿಕೊಳ್ಳುತ್ತಿದ್ದವು, ಅಥವಾ ಅಂಟಿಕೊಂಡು ಸಾಯುತ್ತಿದ್ದವು. ಫಾಲ್ಗುಣದ ಹೊತ್ತಿಗೆ ಎರಡು ತಟ್ಟೆ ಬದುಕಿದವು. ಇಡೀ ಚಳಿಗಾಲಕ್ಕೆ ಎರಡೇ.

ಇಲಿಗಳನ್ನು ನೋಡಿಕೊಳ್ಳುತ್ತಿದ್ದವರು ನಿವೃತ್ತಿಗೆ ಹತ್ತಿರವಾದ ಒಬ್ಬ ಅಟೆಂಡರ್. ಎಲ್ಲರಿಗೂ ಅವರು ಚಾಚಾ. ಬೆಳಿಗ್ಗೆ ಗೂಡುಗಳನ್ನು ನೋಡಿ, ಯಾವ ಹೆಣ್ಣುಗಳು ಕೂಡಿವೆ ಎಂದು ಗುರುತಿಸಿ ಬಂದು ಬಾಗಿಲಲ್ಲೇ ಹೇಳುವರು, "ಬಿಟಿಯಾ, ಆಜ್ ಚಾರ್ ಠೋ." ಇವತ್ತು ನಾಲ್ಕು. ಒಂದೂ ಇಲ್ಲದ ದಿನ ಏನೂ ಹೇಳದೆ ಚಹಾ ತಂದಿಡುವರು. ಹೋಳಿ ಕಳೆದು ಬಿಸಿಲು ಏರಿದರೆ ದಿನವೂ ಚಹಾ ಮಾತ್ರ. ಆ ಸೆಕೆಯಲ್ಲಿ ನಮ್ಮ ಇಲಿಗಳು ಕೂಡುತ್ತಿರಲಿಲ್ಲ. ಮತ್ತೆ ಶುರುವಾಗಬೇಕಾದರೆ ಮಳೆಗಾಲ ಮುಗಿಯಬೇಕು.

ನನ್ನ ಫೆಲೋಶಿಪ್ ಮಳೆಗಾಲದ ಮೊದಲೇ ಮುಗಿಯುತ್ತಿತ್ತು. ಮುಂದುವರಿಸಬೇಕೋ ಬೇಡವೋ ಎಂದು ಜೂನಿನಲ್ಲಿ ಸಮಿತಿ ಕೂರುತ್ತದೆ. ಅದರ ಮುಂದೆ ಇಡಲು ನನ್ನ ಹತ್ತಿರ ಇದ್ದದ್ದು ಆ ಎರಡು ತಟ್ಟೆ. ಇಲ್ಲದಿದ್ದರೆ ಅರ್ಧ ಥೀಸಿಸ್ ಟ್ರಂಕಿನಲ್ಲಿ ಹಾಕಿಕೊಂಡು ಊರಿಗೆ ವಾಪಸು.

ತಟ್ಟೆಗಳ ಮೇಲೆ ನಾನು ಕನ್ನಡದಲ್ಲಿ ಬರೆಯುತ್ತಿದ್ದೆ. ಒಂದಕ್ಕೆ "ಒಳ", ಇನ್ನೊಂದಕ್ಕೆ "ಹೊರ". ಯಾಕೆ ಕನ್ನಡ ಎಂದರೆ ಕಾರಣವಿಲ್ಲ. ದಿನದಲ್ಲಿ ಒಂದೆರಡು ಅಕ್ಷರವಾದರೂ ಬರೆಯಬೇಕೆನಿಸುತ್ತಿತ್ತು. ಆ ದುಂಡು ಅಕ್ಷರ ನೋಡಿ ಚಾಚಾ ನಗುತ್ತಿದ್ದರು. "ದೋನೋ ಜಲೇಬಿ ಹೈ, ಬಿಟಿಯಾ. ಏಕ್ ಖಾಯೇಂ, ದೂಸ್ರಾ ರಖೇಂ." ಎರಡೂ ಜಿಲೇಬಿಯೇ, ಒಂದು ತಿನ್ನೋಣ, ಒಂದು ಇಡೋಣ ಎಂದು. ಬರೆಯುತ್ತಿದ್ದದ್ದು ಮುಚ್ಚಳದ ಮೇಲೆ. ತಟ್ಟೆಯ ತಳದಲ್ಲಿ ಬರೆದರೆ ಮೈಕ್ರೋಸ್ಕೋಪಿನ ಬೆಳಕಿಗೆ ಶಾಯಿ ಅಡ್ಡ ಬರುತ್ತದೆ ಎಂದು ಲ್ಯಾಬಿನಲ್ಲಿ ಎಲ್ಲರೂ ಹಾಗೆಯೇ ಮಾಡುತ್ತಿದ್ದರು. ಮುಚ್ಚಳ ಮತ್ತು ತಟ್ಟೆ ಬೇರೆ ಬೇರೆ ವಸ್ತುಗಳು ಎಂಬುದು ನನಗೆ ಹೊಳೆದಿರಲಿಲ್ಲ.

ಕರೆಂಟು ಹೋದದ್ದು ಆ ಎರಡು ತಟ್ಟೆ ಇನ್‌ಕ್ಯುಬೇಟರಿಗೆ ಇಟ್ಟ ಮೊದಲ ದಿನ, ಊಟದ ಹೊತ್ತಿಗೆ. ಹಳೆಯ ದಪ್ಪ ಗೋಡೆಯ ಕಟ್ಟಡ. ಹೊರಗೆ ಬಿಸಿಲಿದ್ದರೂ ಕೋಣೆ ತಣ್ಣಗಿತ್ತು. ಇನ್‌ಕ್ಯುಬೇಟರ್ ನಿಧಾನಕ್ಕೆ ಆರತೊಡಗಿತು. ಒಳಗೆ ಇಟ್ಟ ನೀರಿನ ಆವಿ ಮುಚ್ಚಳಗಳಿಗೆ ಕಟ್ಟಿಕೊಂಡಿತು. ಹನಿ ತೊಟ್ಟಿಕ್ಕಿ ತಟ್ಟೆಗೆ ಬಿದ್ದರೆ ಭ್ರೂಣಗಳಿರುವ ದ್ರಾವಣ ತೆಳುವಾಗುತ್ತದೆ. ಕರೆಂಟು ಬಂದ ತಕ್ಷಣ ತಟ್ಟೆಗಳನ್ನು ಮೇಜಿಗೆ ತಂದೆ. ಎರಡೂ ಮುಚ್ಚಳ ತೆಗೆದು ಚಾಚಾನ ಕೈಗೆ ಕೊಟ್ಟೆ. ಅವರು ಸ್ಪಿರಿಟ್ಟಿನಲ್ಲಿ ಅದ್ದಿದ ಕಾಗದದಿಂದ ಒರೆಸಿ ವಾಪಸು ಕೊಟ್ಟರು. ನಾನು ಮುಚ್ಚಿದೆ. ಒಂದು ನಿಮಿಷವೂ ಆಗಿರಲಿಕ್ಕಿಲ್ಲ. ಆ ಒಂದು ನಿಮಿಷದಲ್ಲೇ ಬೇವಿನ ಮರ ಬರುತ್ತದೆ.

ಮರುದಿನ ಸಂಜೆ ಹೊಳಪು ನೋಡುವ ಮೈಕ್ರೋಸ್ಕೋಪು ಇದ್ದ ಪಕ್ಕದ ವಿಭಾಗಕ್ಕೆ ತಟ್ಟೆಗಳನ್ನು ಎದೆಗೆ ಅವುಚಿಕೊಂಡು ಹೋದೆ. "ಒಳ" ಎಂದಿದ್ದ ತಟ್ಟೆಯನ್ನು ಮೊದಲು ಇಟ್ಟೆ. ಕಪ್ಪಿನ ನಡುವೆ ಹಸಿರು ಬಳೆಗಳು. ಹೊಳಪೆಲ್ಲ ಹೊರಗಿನ ಪದರದಲ್ಲಿತ್ತು. ನಡುವಿನ ಮುದ್ದೆ ಕಪ್ಪಗಿತ್ತು. ಎರಡನೆಯದು, ಮೂರನೆಯದು, ಹೆಚ್ಚು ಕಡಿಮೆ ಎಲ್ಲವೂ ಹಾಗೆಯೇ. "ಹೊರ" ಎಂದಿದ್ದ ತಟ್ಟೆಯಲ್ಲಿ ತಿರುಗುಮುರುಗು: ಒಳಗೆ ಸಣ್ಣ ಹಸಿರು ಉಂಡೆ, ಸುತ್ತ ಕಪ್ಪು.

ಅಂದರೆ ಎರಡರಲ್ಲಿ ಒಂದು. ನನ್ನ ಇಲಿಗಳಲ್ಲಿ ಒಳಗಿಟ್ಟ ಕೋಶಗಳು ಹೊರಗೆ ಬಂದು, ಹೊರಗಿಟ್ಟವು ಒಳಗೆ ಹೋಗಿ, ಜಗತ್ತಿನಲ್ಲಿ ಯಾರೂ ಕಾಣದ್ದು ನಡೆದಿದೆ. ಇಲ್ಲವೇ ನಾನು ಮುಚ್ಚಳ ಅದಲುಬದಲು ಮಾಡಿದ್ದೇನೆ.

ನಕ್ಕುಬಿಟ್ಟೆ, ಸಮಾಧಾನದಿಂದ. ಅದಲುಬದಲಾದದ್ದು ನನಗೆ ಅಲ್ಲೇ, ಆ ಕತ್ತಲೆ ಕೋಣೆಯಲ್ಲೇ ನೆನಪಾಯಿತು. ಚಾಚಾನ ಬಲಗೈ ಮುಂದೆ ಬಂದದ್ದು, ನಾನು ಅದರಲ್ಲಿದ್ದ ಮುಚ್ಚಳವನ್ನು ಹತ್ತಿರದ ತಟ್ಟೆಗೆ ಹಾಕಿದ್ದು, "ಹೊರ" ಎಂಬುದರ ಮೇಲೆ ಸ್ಪಿರಿಟ್ಟಿಗೆ ಶಾಯಿ ಸ್ವಲ್ಪ ಹರಡಿಕೊಂಡದ್ದು. ಎಲ್ಲ ಸ್ಪಷ್ಟ. ರಿಕ್ಷಾದಲ್ಲಿ ಮನೆಗೆ ಬರುವಾಗ ಅರ್ಧ ದಾರಿಯಲ್ಲಿ ನನಗೆ ಅದರ ಮೇಲೇ ಅನುಮಾನ ಬಂತು. ನಿನ್ನೆಯಿಂದ ಒಂದು ಸಲವೂ ನೆನಪಾಗದ ಬಲಗೈ ಇವತ್ತು ಎಲ್ಲಿಂದ ಬಂತು? ಅದು ಬೇಕಾದ ಮೇಲೆ ಬಂತು.

ಮರುದಿನ ಚಾಚಾನನ್ನು ಕೇಳಿದೆ. ಮುಚ್ಚಳಗಳನ್ನು ಹೇಗೆ ವಾಪಸು ಕೊಟ್ಟಿರಿ?

"ಜೈಸೇ ಲಿಯೇ, ವೈಸೇ ದಿಯೇ," ಎಂದರು. ತೆಗೆದುಕೊಂಡ ಹಾಗೆಯೇ ಕೊಟ್ಟೆ.

ನನ್ನ ಮುಖ ನೋಡಿದರು. ಏನೋ ಕೆಟ್ಟಿದೆ ಎಂದು ಗೊತ್ತಾಗಿರಬೇಕು. ಮೆಲ್ಲಗೆ, "ಆಪ್ ಕಹೇಂ ತೋ ಉಲ್ಟಾ ದಿಯೇ," ಎಂದರು. ನೀವು ಹೇಳುವುದಾದರೆ ತಿರುಗುಮುರುಗಾಗಿಯೇ ಕೊಟ್ಟೆ.

ನನ್ನ ನೆನಪು ನನಗೆ ಮಾಡಿದ್ದೂ ಇಷ್ಟೇ. ಚಾಚಾ ಬಾಯಿಬಿಟ್ಟು ಹೇಳಿದರು, ಅದು ಹೇಳದೆ ಮಾಡಿತ್ತು.

ನನ್ನ ಗೈಡ್ ಮೈಸೂರಿನವರು. ಇಪ್ಪತ್ತು ವರ್ಷ ಬನಾರಸಿನಲ್ಲಿದ್ದರೂ ಬೀಡಾ ಹಾಕದವರು, ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುವವರು. ಪೂರ್ತಿ ಕೇಳಿಸಿಕೊಂಡು, "ಅದಲುಬದಲಾಗಿದೆ ಕಣಮ್ಮ. ಇದರಲ್ಲಿ ಯೋಚನೆ ಮಾಡೋದೇನಿದೆ?" ಎಂದರು.

"ನನಗೂ ಹಾಗೇ ಅನ್ನಿಸ್ತದ ಸರ್."

"ಮತ್ತೆ? ಮುಚ್ಚಳ ಬದಲಾಗಿದ್ದು ಆವತ್ತೇ ಗಮನಕ್ಕೆ ಬಂತು ಅಂತ ಬರಿ."

"ಆವತ್ತು ಗಮನಕ್ಕ ಬಂದಿಲ್ಲ ಸರ್. ಉತ್ತರ ನೋಡಿದ ಮ್ಯಾಲೆ ಬಂತು."

"ಉತ್ತರ ಎಲ್ಲರಿಗೂ ಗೊತ್ತಿರೋದೇ ತಾನೆ?"

"ಗೊತ್ತಿದ್ದರ ನಾವು ಯಾಕ ಮಾಡಿದ್ವಿ ಸರ್?"

ಇದು ಉದ್ಧಟತನ. ಹೇಳಿದ ಮೇಲೆ ಹೆದರಿಕೆಯಾಯಿತು. ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದರು ಎಂದು ಬರೆಯಲು ಹೊರಟಿದ್ದೆ. ಅವರು ಲ್ಯಾಬಿಗೆ ಎಂದೂ ಪಂಚೆ ಉಟ್ಟು ಬಂದವರಲ್ಲ. ಕನ್ನಡಕ ಒರೆಸಿದ್ದು ಮಾತ್ರ ಇರಬಹುದು. "ಅಧ್ಯಾಯ ನಿಂದು," ಎಂದರು. "ಸಮಿತಿ ಮುಂದೆ ಕೂರೋಳೂ ನೀನೇ. ಇದನ್ನ ಬಿಟ್ಟರೆ ನಿನ್ನ ಹತ್ರ ಏನೂ ಉಳಿಯಲ್ಲ, ನೆನಪಿಟ್ಕೋ. ಸೋಮವಾರ ಹೇಳು."

ಆ ಭಾನುವಾರದ ಬಗ್ಗೆ ಹೇಳಬೇಕು. ಎಚ್ಚರದಿಂದ ಹೇಳಬೇಕು, ಯಾಕೆಂದರೆ ಅದು ನನಗೆ ಬೇಕಾದ ಜಾಗದಲ್ಲೇ ಬಂದು ಕೂತಿದೆ. ಅದಕ್ಕಿಂತ ಒಂದು ತಿಂಗಳು ಮೊದಲೂ ನಡೆದಿರಬಹುದು. ನಡೆದದ್ದಂತೂ ಹೌದು.

ನನ್ನ ಮನೆಯೊಡತಿಯನ್ನು ನಾನು ಅವ್ವಾ ಎನ್ನುತ್ತಿದ್ದೆ. ಅವರ ಮಾವನ ಕಾಲದಲ್ಲಿ ಬನಾರಸಿನ ಕನ್ನಡದವರ ಮಠದ ಕೆಲಸಕ್ಕೆಂದು ಕಲಬುರ್ಗಿ ಕಡೆಯಿಂದ ಬಂದ ಮನೆತನ. ಮೊಮ್ಮಗಳು ಕನ್ನಡದಲ್ಲಿ ಕೇಳಿಸಿಕೊಂಡು ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದಳು. ಆ ಹುಡುಗಿಯನ್ನು ನನ್ನ ಕೋಶಗಳ ಜೊತೆ ಹೋಲಿಸುವ ಆಸೆ ನನಗೆ ಆಗಲೂ ಆಗಿತ್ತು. ಅಷ್ಟು ಸಲೀಸಾಗಿ ಬರುವ ಹೋಲಿಕೆಯನ್ನು ನಾನು ನಂಬುವುದಿಲ್ಲ. ಅವಳಿಗೆ ಹಿಂದಿ ಬಾಯಿಗೆ ಬರುತ್ತಿತ್ತು, ಅಷ್ಟೇ.

ಅಮಾವಾಸ್ಯೆ, ಸೋಮವಾರಗಳಲ್ಲಿ ಅವ್ವ ಮಠಕ್ಕೆ ಏನಾದರೂ ಮಾಡಿ ಸ್ಟೀಲ್ ಡಬ್ಬಿಯಲ್ಲಿ ಕಳಿಸುತ್ತಿದ್ದರು. ಗಲ್ಲಿಯ ಇನ್ನೂ ನಾಲ್ಕು ಮನೆಯವರು ಕಳಿಸುತ್ತಿದ್ದರು. ಡಬ್ಬಿಗಳು ವಾಪಸು ಬರುವಾಗ ಮುಚ್ಚಳಗಳು ಬೆರೆತಿರುತ್ತಿದ್ದವು. ಆ ದಿನ ಮಠದ ಅಡಿಗೆಯವರೇ, ಬೀದರ್ ಕಡೆಯ ದಪ್ಪ ಮನುಷ್ಯ, ಡಬ್ಬಿ ಹಿಡಿದುಕೊಂಡು ಬಂದರು. ನಾನು ಮೆಟ್ಟಿಲ ಮೇಲೆ ತಟ್ಟೆ ಹಿಡಿದು ಅವಲಕ್ಕಿ ತಿನ್ನುತ್ತಿದ್ದೆ.

"ಅವ್ವಾರ, ನಿಮ್ಮ ಡಬ್ಬಿ ತಂದೀನ್ರಿ."

"ನನ್ನ ಡಬ್ಬಿಗೆ ಈ ಮುಚ್ಚಳ ಯಾವಾಗ ಹುಟ್ಟಿತ್ರಿ ಅಯ್ಯನವರ? ನನ್ನದಕ್ಕ ಹಿಡಿಕಿ ಇತ್ತು."

"ಮುಚ್ಚಳ ಬಿಡ್ರಿ. ಒಳಗ ಮೂಗು ಹಾಕಿ ನೋಡ್ರಿ. ಶೇಂಗಾ ಚಟ್ನಿ ವಾಸನಿ. ಚಟ್ನಿ ಕಳಿಸಿದವರು ನೀವು. ಅಂದ್ರ ಡಬ್ಬಿ ನಿಮ್ದ."

"ಇಡೀ ಬನಾರಸ್‌ದಾಗ ಶೇಂಗಾ ಚಟ್ನಿ ನಾನೊಬ್ಬಾಕಿನ ಕುಟ್ಟತೀನೇನ್ರಿ? ವಾಸನಿ ಮ್ಯಾಲೆ ಹೇಳೂದಾದ್ರ ನಿಮ್ಮ ಮಠದ ಡಬ್ಬಿ ಎಲ್ಲಾ ನನ್ನವ ಆಗ್ತಾವ."

"ಆಗ್ಲಿ ತಗೋರಿ, ಯಾರ್ ಬ್ಯಾಡ ಅಂತಾರ? ನನಗ ಗಲ್ಲಿ ತಿರಗೂದು ತಪ್ಪತೈತಿ."

"ಆರಾಮ ಆತು ನಿಮಗ! ಬುಡಾ ತೋರಸ್ರಿ ಇಲ್ಲೆ."

ಅವ್ವ ಡಬ್ಬಿ ಮಗುಚಿ, ತಳದಲ್ಲಿ ಚುಕ್ಕೆ ಚುಕ್ಕೆಯಾಗಿ ಕೊರೆಸಿದ್ದ ಹೆಸರಿನ ಮೇಲೆ ಬೆರಳಾಡಿಸಿ ಓದಿದರು. ಹಿಂದಿನ ಮನೆಯವರದು. ಅಡಿಗೆಯವರು ಗೊಣಗುತ್ತಾ ಹೊರಟರು. ಅವ್ವ ನನ್ನ ಕಡೆ ತಿರುಗಿ, "ಇಷ್ಟು ವರ್ಷ ಆತು, ಇನ್ನೂ ಮುಚ್ಚಳ ನೋಡಿ ಡಬ್ಬಿ ಹಂಚತಾನ ನೋಡು. ಮುಚ್ಚಳಕ್ಕ ಯಾರರೆ ಹೆಸರು ಹಾಕಸ್ತಾರೇನು ತಂಗಿ?" ಎಂದರು.

ಅವಲಕ್ಕಿ ಗಂಟಲಲ್ಲಿ ನಿಂತಿತು ಎಂದರೆ ಅತಿಯಾದೀತು. ತಿನ್ನುತ್ತಲೇ ಇದ್ದೆ. ತಿಂದು ಮುಗಿಸಿ ಕೇಳಿದೆ, "ಬುಡಕ್ಕ ಹೆಸರ ಇರಲಿಲ್ಲ ಅಂದ್ರ ಏನ್ ಮಾಡ್ತೀರಿ ಅವ್ವಾ? ಮುಚ್ಚಳಾನೂ ಬದಲಾಗೈತಿ, ಒಳಗಿಂದು ನೋಡಿನೂ ಹೇಳಾಕ ಬರೂದಿಲ್ಲ."

"ಏನ್ ಮಾಡೂದು? ಬದೀಗಿ ಇಡೂದು. ನಂದು ಅನ್ನಾಕ ಬಾಯಿ ಬರೂದಿಲ್ಲ, ಅವರದು ಅನ್ನಾಕೂ ಬರೂದಿಲ್ಲ." ಮೇಲೆ ಕಪಾಟಿನ ಕಡೆ ಕೈ ತೋರಿಸಿದರು. ಅಲ್ಲಿ ಹೆಸರಿಲ್ಲದ ಎರಡು ಡಬ್ಬಿ, ಎಷ್ಟು ವರ್ಷದಿಂದಲೋ, ಖಾಲಿ ಇದ್ದವು.

ಒಳಗಿರುವುದನ್ನು ನೋಡಿ ಡಬ್ಬಿ ಯಾರದೆಂದು ಹೇಳುವುದು: ನಾನು ಮಾಡಲು ಹೊರಟಿದ್ದು ಅದೇ. ಹಸಿರು ಒಳಗಿದೆ, ಆದ್ದರಿಂದ ಅದು ಒಳಗಿಟ್ಟ ತಟ್ಟೆ. ಅದು ಒಳಗಿಟ್ಟ ತಟ್ಟೆ, ಆದ್ದರಿಂದ ಒಳಗಿಟ್ಟದ್ದು ಒಳಗೇ ಉಳಿಯುತ್ತದೆ. ಇದರಲ್ಲಿ ಇಲಿಯೇ ಇರಲಿಲ್ಲ. ಸುತ್ತುತ್ತಿದ್ದವಳು ನಾನೊಬ್ಬಳೇ.

ಸೋಮವಾರ ಸರ್‌ಗೆ ಹೇಳಿದೆ, ಎರಡೂ ತಟ್ಟೆ ಬಿಡುತ್ತೇನೆ ಎಂದು. ಅವರು ಸಂತೋಷಪಡಲಿಲ್ಲ, ಬೈಯಲೂ ಇಲ್ಲ. "ಬಿಟ್ಟದ್ದನ್ನಾದರೂ ಬರಿ," ಎಂದರು. ವರದಿಯಲ್ಲಿ ಬರೆದೆ. ಎರಡು ತಟ್ಟೆ, ಗುರುತಿನ ಬಗ್ಗೆ ಅನುಮಾನ, ಪರಿಗಣಿಸಿಲ್ಲ. ಚಳಿಗಾಲವೆಲ್ಲ ಒಂದು ಸಾಲಿಗೆ ಇಳಿಯಿತು.

ಜೂನಿನ ಸಮಿತಿಯಲ್ಲಿ ಐದು ಜನ, ಒಂದು ಕೂಲರ್. ಕೂಲರಿನ ಸದ್ದಿಗೆ ಅವರ ಪ್ರಶ್ನೆ ನನಗೆ, ನನ್ನ ಉತ್ತರ ಅವರಿಗೆ ಕೇಳುತ್ತಿರಲಿಲ್ಲ. ಒಬ್ಬರು ಆ ಸಾಲಿನ ಮೇಲೆ ಪೆನ್ನು ಇಟ್ಟು, ಅನುಮಾನ ಎಂದರೆ ಎಂಥದು ಎಂದು ಕೇಳಿದರು. ಹೇಳಿದೆ. ಇನ್ನೊಬ್ಬರು, ಇಷ್ಟು ಸಣ್ಣ ವಿಷಯಕ್ಕೆ ಪೂರ್ತಿ ಬಿಟ್ಟಿರಾ, ಎಂದರು. ಮೂರನೆಯವರು ತಲೆಯಾಡಿಸಿದರು. ಅದು ಹೌದೋ ಅಲ್ಲವೋ ಎಂದು ಇವತ್ತಿಗೂ ಗೊತ್ತಿಲ್ಲ. ಒಂದು ವರ್ಷ ಕೇಳಿದ್ದೆ, ಆರು ತಿಂಗಳು ಕೊಟ್ಟರು. ಪ್ರಾಮಾಣಿಕತೆಗೆ ಕೊಟ್ಟರು ಎಂದು ಸರ್ ಹೇಳುತ್ತಿದ್ದರು. ಸರ್ ಮೇಲಿನ ದಾಕ್ಷಿಣ್ಯಕ್ಕೆ ಕೊಟ್ಟರು ಎಂದು ಉಳಿದವರು. ಎರಡಕ್ಕೂ ಆಧಾರವಿಲ್ಲ.

ಮಳೆ ಮುಗಿದು, ದಸರಾ ಕಳೆದು, ಒಂದು ಬೆಳಿಗ್ಗೆ ಚಾಚಾ ಬಾಗಿಲಲ್ಲಿ ನಿಂತರು. "ಬಿಟಿಯಾ, ಪಾಂಚ್ ಠೋ." ಐದು. ಈ ಸಲ ತಟ್ಟೆಯ ತಳದಲ್ಲಿ, ಬೆಳಕಿಗೆ ಅಡ್ಡ ಬಾರದಂತೆ ಅಂಚಿಗೆ ಹತ್ತಿರವಾಗಿ, ಗಾಜು ಕೊರೆಯುವ ಮೊನೆಯಿಂದ ಗೀಚಿದೆ. ಮುಚ್ಚಳದ ಮೇಲೆ ಏನೂ ಬರೆಯಲಿಲ್ಲ. ಚಾಚಾ ಖಾಲಿ ಮುಚ್ಚಳ ಬೆಳಕಿಗೆ ಹಿಡಿದು ನೋಡಿ, ಜಿಲೇಬಿ ಮುಗಿಯಿತೇ ಎಂದು ಕೇಳಿದರು.

ಒಳಗಿಟ್ಟವು ಬಹುಪಾಲು ಒಳಗೇ ಉಳಿದವು. ಹೊರಗಿಟ್ಟವು ಬಹುಪಾಲು ಹೊರಗೆ. ಕೆಲವು ಮಾತ್ರ ಇಟ್ಟ ಕಡೆ ನಿಲ್ಲದೆ ಆಚೆ ಈಚೆ ಹೋಗಿದ್ದವು. ಒಳಗಿಟ್ಟ ಒಂದು ಭ್ರೂಣದ ಹಸಿರು ಪೂರ್ತಿ ಹೊರಗಿನ ಪದರಕ್ಕೆ ಬಂದು ಕೂತಿತ್ತು. ಅದನ್ನು ಮೂರು ಸಲ ನೋಡಿದೆ, ತಟ್ಟೆಯನ್ನು ಎತ್ತಿ ಹಿಡಿದು ತಳ ಓದಿದೆ. "ಒಳ" ಎಂದೇ ಇತ್ತು. ಅದನ್ನೂ ಬರೆದೆ.

"ಅಂದ್ರೆ ಆವತ್ತು ಮುಚ್ಚಳ ಬದಲಾಗಿದ್ದೇ ನಿಜ ಅನ್ನು," ಎಂದರು ಸರ್.

"ಇರಬಹುದು ಸರ್."

"ಇನ್ನೂ ಇರಬಹುದಾ?"

"ಆವತ್ತಿನ ತಟ್ಟಿ ಬ್ಯಾರೆ ಸರ್, ಇವತ್ತಿನ ತಟ್ಟಿ ಬ್ಯಾರೆ."

ಅವರು ನಕ್ಕರು. ಆರು ತಿಂಗಳ ಮೇಲೆ ಹದಿನೈದು ದಿನ ಮೀರಿ ಥೀಸಿಸ್ ಕೊಟ್ಟೆ. ಆ ಅಧ್ಯಾಯ ತೆಳ್ಳಗಿತ್ತು. ಪರೀಕ್ಷಕರೊಬ್ಬರು ಅದನ್ನೇ ಹೇಳಿದರು, ತೇರ್ಗಡೆಯೂ ಮಾಡಿದರು.

ಬನಾರಸ್ ಬಿಡುವ ದಿನ ಅವ್ವ ಒಂದು ಡಬ್ಬಿ ಕೊಟ್ಟರು, ದಾರಿಗೆಂದು ಒಳಗೆ ಶೇಂಗಾ ಹೋಳಿಗೆ. ಮಗುಚಿ ನೋಡಿದೆ. ಸೋನಾರ್‌ಪುರದ ಪಾತ್ರೆ ಅಂಗಡಿಯಲ್ಲಿ ನನ್ನ ಹೆಸರು ಹಾಕಿಸಿದ್ದರು, ನಾಗರಿ ಅಕ್ಷರದಲ್ಲಿ, ಅಂಗಡಿಯವನಿಗೆ ಬೇರೆ ಬರುತ್ತಿರಲಿಲ್ಲ. ಆ ಡಬ್ಬಿ ಈಗಲೂ ನನ್ನ ಅಡುಗೆಮನೆಯಲ್ಲಿದೆ. ಅದರ ಮುಚ್ಚಳ ಸರಿಯಾಗಿ ಕೂರುವುದಿಲ್ಲ, ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಏಳುತ್ತದೆ. ಅವ್ವ ಕೊಟ್ಟಾಗಲೇ ಬೇರೆಯವರ ಮುಚ್ಚಳ ಬಂದಿತ್ತು ಎಂದು ನನ್ನ ಮನೆಯವರಿಗೆ ಎಷ್ಟೋ ಸಲ ಹೇಳಿದ್ದೇನೆ, ಎಲ್ಲರೂ ನಕ್ಕಿದ್ದಾರೆ. ಇದನ್ನು ಬರೆಯಲು ಕೂತಾಗ ನೋಡುತ್ತೇನೆ, ಹಾಗೆ ಕಂಡ ನೆನಪು ನನಗಿಲ್ಲ. ಇಲ್ಲಿಗೆ ಬಂದ ಮೇಲೆ, ಪಕ್ಕದ ಮನೆಗೆ ಏನೋ ಕಳಿಸಿದಾಗ ಬದಲಾಗಿರಬಹುದು. ಡಬ್ಬಿ ನನ್ನದು. ಮುಚ್ಚಳ ಯಾರದೆಂದು ಗೊತ್ತಿಲ್ಲ.